ಮನೆ ಶೆಡ್‌ನಲ್ಲೇ ಹಳೇ ಮಾರುತಿ 800 ಎಂಜಿನ್ ಕೆಲಸ: ಬಿಚ್ಚೋ ಮೊದಲು ಏನು ನೋಡ್ಬೇಕು? ಯಾವುದು ಮನೆಯವರ ಕೈಲಾಗುತ್ತೆ, ಯಾವುದು ಲೇತ್‌ಗೇ ಹೋಗ್ಬೇಕು?

ಶಿವಮೊಗ್ಗ: ಜಿಲ್ಲೆಯ ಹಳ್ಳಿ ಕಡೆ ಹೋದ್ರೆ ಅಡಿಕೆ ಶೆಡ್‌ನ ಮೂಲೆಯಲ್ಲೋ, ಕೊಟ್ಟಿಗೆ ಪಕ್ಕದಲ್ಲೋ ಟಾರ್ಪಾಲ್ ಹೊದ್ದು ನಿಂತಿರೋ ಹಳೇ ಮಾರುತಿ 800 ಈಗಲೂ ಕಣ್ಣಿಗೆ ಬೀಳುತ್ತೆ. ಮನೆಗೆ ಬಂದ ಮೊದಲ ಕಾರು ಅದು. ಮಾರೋಕೆ ಮನಸ್ಸಿಲ್ಲ, ಓಡ್ಸೋಕೆ ಎಂಜಿನ್ ಸರಿ ಇಲ್ಲ. ಗುಜರಿಯವರು ತೂಕದ ಲೆಕ್ಕದಲ್ಲಿ ಕೇಳ್ತಾರೆ. ಗ್ಯಾರೇಜ್‌ಗೆ ತಗೊಂಡು ಹೋದ್ರೆ ‘ಫುಲ್ ಎಂಜಿನ್ ಕೆಲಸ ಇದೆ’ ಅಂತಾರೆ. ಈ ಎರಡರ ನಡುವೆ ಮೂರನೇ ದಾರಿಯೊಂದಿದೆ. ಅಪ್ಪ, ಅಮ್ಮ, ಮಕ್ಕಳು ಸೇರಿ ಮನೆಯಲ್ಲೇ ಎಂಜಿನ್ ಬಿಚ್ಚಿ, ಲೇತ್ ಕೆಲಸ ಮಾತ್ರ ಹೊರಗೆ ಮಾಡಿಸಿ, ವಾಪಸ್ ಜೋಡಿಸೋದು. ಇದು ಸಾಧ್ಯವಾಗೋ ಕೆಲಸವೇ. ಆದ್ರೆ ಅರ್ಧ ಬಿಚ್ಚಿ ಕೈಬಿಟ್ಟ ಎಂಜಿನ್‌ಗೆ ಗುಜರಿಯಲ್ಲೂ ಬೆಲೆ ಇಳಿಯುತ್ತೆ. ಹಾಗಾಗಿ ಪಾನ ಕೈಗೆತ್ತಿಕೊಳ್ಳೋ ಮೊದಲು ತಿಳ್ಕೊಳ್ಳಬೇಕಾದ ವಿಷಯಗಳು ಇಲ್ಲಿವೆ.

ಮನೆ ಕೆಲಸಕ್ಕೆ ಈ ಗಾಡಿಯನ್ನೇ ಉದಾಹರಣೆಯಾಗಿ ತಗೊಳ್ಳೋಕೆ ಕಾರಣ ಇದೆ. 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಮಾರುತಿ 800 ಉತ್ಪಾದನೆ ನಿಂತಿದ್ದು 2014ರ ಜನವರಿಯಲ್ಲಿ. ದೇಶದಲ್ಲಿ 26 ಲಕ್ಷಕ್ಕೂ ಹೆಚ್ಚು ಮಾರಾಟವಾದ ಗಾಡಿ. ಅದರ ಎಫ್8ಬಿ ಎಂಜಿನ್ 796 ಸಿಸಿ, ಮೂರು ಸಿಲಿಂಡರ್, ಪ್ರತಿ ಸಿಲಿಂಡರ್‌ಗೆ ಎರಡೇ ವಾಲ್ವ್. ಸಿಲಿಂಡರ್ ವ್ಯಾಸ 68.5 ಮಿ.ಮೀ., ಪಿಸ್ಟನ್ ಓಡಾಟ 72 ಮಿ.ಮೀ. ಬ್ಲಾಕ್ ಬೀಡು ಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಂನದ್ದು. ಕಾರ್ಬೊರೇಟರ್ ಇರೋ ಹಳೇ ಮಾಡೆಲ್‌ಗಳಲ್ಲಿ ಕಂಪ್ಯೂಟರ್ ಅನ್ನೋದೇ ಇಲ್ಲ. ಎಂಜಿನ್ ಎಷ್ಟು ಚಿಕ್ಕದಂದ್ರೆ ಮೂರು ಪಿಸ್ಟನ್ ಅಡುಗೆಮನೆಯ ಒಂದು ತಟ್ಟೆಯಲ್ಲಿ ಹಿಡಿಯುತ್ತೆ.

ಮೊದಲು ಆರ್‌ಸಿ, ಆಮೇಲೆ ಪಾನ

ಎಂಜಿನ್‌ಗೆ ದುಡ್ಡು ಹಾಕೋ ಮೊದಲು ಗಾಡಿಯ ಕಾಗದ ತೆಗೆದು ನೋಡಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಆರ್‌ಟಿಒ ಪರಿಶೀಲನೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಣ ಮಾಡಿಸ್ಕೊಬೇಕು. 2022ರ ಏಪ್ರಿಲ್‌ನಿಂದ ಈ ಶುಲ್ಕ ಕಾರಿಗೆ 5 ಸಾವಿರ ರೂಪಾಯಿ ಆಯ್ತು. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಅಧಿಸೂಚನೆ ಪ್ರಕಾರ 20 ವರ್ಷ ದಾಟಿದ ಕಾರಿಗೆ 10 ಸಾವಿರ. ಕಾರ್ಬೊರೇಟರ್ ಇರೋ 800 ಎಲ್ಲವೂ ಈಗ 20 ದಾಟಿದ ಗಾಡಿಗಳೇ. ತಡವಾಗಿದ್ರೆ ದಂಡ, ರಾಜ್ಯದ ಹಸಿರು ತೆರಿಗೆ ಬೇರೆ.

ಇನ್ನೊಂದು, ಕಾರ್ಪೆಟ್ ಎತ್ತಿ ನೆಲ ನೋಡಿ. ಮಲೆನಾಡಿನ ಮಳೆಯಲ್ಲಿ ನಿಂತ ಗಾಡಿಗೆ ಎಂಜಿನ್‌ಗಿಂತ ಮೊದಲು ಹೋಗೋದು ನೆಲದ ತಗಡು. ಡ್ರೈವರ್ ಕಾಲಡಿ, ಹಿಂದಿನ ಸಸ್ಪೆನ್ಷನ್ ಕೂರೋ ಜಾಗ ತುಕ್ಕು ಹಿಡಿದು ತೂತಾಗಿದ್ರೆ ಎಂಜಿನ್ ಎಷ್ಟೇ ಚೆನ್ನಾಗಿ ಮಾಡಿದ್ರೂ ಪರಿಶೀಲನೆಯಲ್ಲಿ ಪಾಸ್ ಆಗೋದು ಕಷ್ಟ. ತೂತಿನಿಂದ ಹೊಗೆ ಒಳಗೆ ಬರೋ ಅಪಾಯವೂ ಇದೆ. ತಗಡಿನ ಕೆಲಸಕ್ಕೆ ಎಷ್ಟಾಗುತ್ತೆ ಅಂತ ಕೇಳ್ಕೊಂಡು ಬಂದ ಮೇಲೇ ಎಂಜಿನ್ ವಿಷಯ ಮಾತಾಡೋದು ಒಳ್ಳೇದು.

ಹೊಗೆ ನೋಡಿ, ಆದ್ರೆ ಹೊಗೆಯನ್ನೇ ನಂಬಬೇಡಿ

ನೀಲಿ ಹೊಗೆ ಬಂದ್ರೆ ಆಯಿಲ್ ಸುಡ್ತಿದೆ. ಕಪ್ಪು ಬಂದ್ರೆ ಪೆಟ್ರೋಲ್ ಜಾಸ್ತಿ ಹೋಗ್ತಿದೆ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬಂದು, ರೇಡಿಯೇಟರ್ ನೀರು ಕಡಿಮೆಯಾಗ್ತಿದ್ರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡ್ಬೇಕು. ಇಷ್ಟು ಎಲ್ಲರಿಗೂ ಗೊತ್ತು. ನೀಲಿ ಹೊಗೆ ಯಾವಾಗ ಬರುತ್ತೆ ಅನ್ನೋದನ್ನ ಮಾತ್ರ ಹೆಚ್ಚಿನವರು ಗಮನಿಸಲ್ಲ. ಆಗುಂಬೆಯೋ ಹುಲಿಕಲ್ ಘಾಟಿಯೋ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟು ಗೇರ್‌ನಲ್ಲೇ ಇಳಿಸ್ತೀವಿ. ಆಗ ಇನ್‌ಟೇಕ್ ಕಡೆ ಎಳೆತ ಜೋರಾಗಿರುತ್ತೆ. ಕೆಳಗೆ ಬಂದು ಆಕ್ಸಿಲರೇಟರ್ ತುಳಿದ ಕೂಡಲೇ ಒಂದು ದಮ್ ನೀಲಿ ಹೊಗೆ ಬಂದು ನಿಂತುಹೋದ್ರೆ ಸಾಮಾನ್ಯವಾಗಿ ವಾಲ್ವ್ ಸೀಲ್ ಒಣಗಿರುತ್ತೆ. ಘಾಟಿ ಹತ್ತುವಾಗ ಉದ್ದಕ್ಕೂ ಹೊಗೆ ಬರ್ತಾನೇ ಇದ್ರೆ ರಿಂಗ್ ಸವೆದಿರೋ ಸಾಧ್ಯತೆ ಹೆಚ್ಚು. ಮೊದಲನೆಯದು ಪುಟ್ಟ ಕೆಲಸ, ಎರಡನೆಯದಕ್ಕೆ ಎಂಜಿನ್ ಪೂರ್ತಿ ಬಿಚ್ಚಬೇಕು.

ಇದನ್ನ ಖಾತ್ರಿ ಮಾಡ್ಕೊಳ್ಳೋದು ಕಂಪ್ರೆಷನ್ ಗೇಜ್‌ನಿಂದ. ಮನೆಯಲ್ಲಿ ಎಂಜಿನ್ ಮಾಡೋವ್ರು ಬೇರೇನು ಕೊಳ್ಳದಿದ್ರೂ ಇದೊಂದನ್ನ ಕೊಳ್ಳಬೇಕು, ಇಲ್ಲ ಯಾರಿಂದಾದ್ರೂ ಇಸ್ಕೋಬೇಕು. ಬ್ಯಾಟರಿ ಫುಲ್ ಚಾರ್ಜ್ ಇರಲಿ. ಎಂಜಿನ್ ಬಿಸಿ ಮಾಡಿ ಆಫ್ ಮಾಡಿ, ಇಗ್ನಿಷನ್ ಕಾಯಿಲ್ ವೈರ್ ತೆಗೆದು, ಮೂರೂ ಪ್ಲಗ್ ಬಿಚ್ಚಿ. ಒಬ್ಬರು ಪ್ಲಗ್ ತೂತಿಗೆ ಗೇಜ್ ಹಿಡೀಲಿ, ಇನ್ನೊಬ್ಬರು ಆಕ್ಸಿಲರೇಟರ್ ಪೂರ್ತಿ ತುಳಿದು ಐದಾರು ಸುತ್ತು ಸೆಲ್ಫ್ ಹೊಡೀಲಿ, ಮೂರನೆಯವರು ನೋಟ್‌ಬುಕ್‌ನಲ್ಲಿ ಬರೀಲಿ. ಮೂರು ಸಿಲಿಂಡರ್ ನಡುವೆ ಚದರ ಸೆಂಟಿಮೀಟರ್‌ಗೆ ಒಂದು ಕೆ.ಜಿ.ಗಿಂತ ಹೆಚ್ಚು ವ್ಯತ್ಯಾಸ ಬರಬಾರದು.

ಒಂದು ಮತ್ತು ಮೂರರಲ್ಲಿ 12 ಬಂದು, ಎರಡರಲ್ಲಿ 8 ಬಂತು ಅಂದ್ಕೊಳ್ಳಿ. ಆ ಪ್ಲಗ್ ತೂತಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ನೋಡಿ. ಅಂಕಿ ಏರಿದ್ರೆ ರಿಂಗ್ ಸೋರ್ತಿದೆ, ಆಯಿಲ್ ತಾತ್ಕಾಲಿಕವಾಗಿ ಸಂದು ಮುಚ್ಚಿದೆ ಅಂತ ಅರ್ಥ. ಏರದಿದ್ರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಪಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆ ಇದ್ರೆ ನಡುವೆ ಗ್ಯಾಸ್ಕೆಟ್ ಸುಟ್ಟಿರಬಹುದು. ವಾಲ್ವ್, ಗ್ಯಾಸ್ಕೆಟ್ ಆದ್ರೆ ಎಂಜಿನ್ ಹೊರಗೆ ತೆಗೆಯೋ ಅಗತ್ಯವೇ ಇಲ್ಲ, ಹೆಡ್ ಇಳಿಸಿದ್ರೆ ಸಾಕು. ಅಂದ್ರೆ ಒಂದು ಚಮಚ ಆಯಿಲ್‌ನಲ್ಲಿ ಖರ್ಚು ಅರ್ಧಕ್ಕಿಂತ ಕೆಳಗೆ ಬರೋ ಸಾಧ್ಯತೆ ಇದೆ. ‘ಹೇಗೂ ಬಿಚ್ತೀವಲ್ಲ, ಆಮೇಲೆ ನೋಡಿದ್ರಾಯ್ತು’ ಅಂತ ಈ ಟೆಸ್ಟ್ ಬಿಡೋವ್ರೇ ಜಾಸ್ತಿ. ಬಿಚ್ಚಿದ ಮೇಲೆ ಈ ಅಳತೆ ಸಿಗಲ್ಲ.

ಶೆಡ್‌ನಲ್ಲಿ ಜೀವಕ್ಕೆ ಸಂಬಂಧಪಟ್ಟ ಮಾತು

ಮಳೆಗಾಲದಲ್ಲಿ ತೋಟದ ಕೆಲಸ ಕಡಿಮೆ, ಎಂಜಿನ್ ಕೆಲಸ ಆಗ ಶುರುವಾಗುತ್ತೆ. ಇರಚಲು ಬರುತ್ತೆ ಅಂತ ಶೆಡ್ ಬಾಗಿಲು ಹಾಕ್ಕೊಂಡು ಗಾಡಿ ಸ್ಟಾರ್ಟ್ ಮಾಡೋದು ಆತ್ಮಹತ್ಯೆಗೆ ಸಮ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ಮಂಪರು ಅಂತ ಗೊತ್ತಾಗೋ ಹೊತ್ತಿಗೆ ಎದ್ದು ಹೊರಗೆ ಬರೋ ಶಕ್ತಿ ಇರಲ್ಲ. ಗಾಡಿ ಹೊರಗೆ ತಳ್ಳಿಯೇ ಸ್ಟಾರ್ಟ್ ಮಾಡಿ.

ಗಾಡಿ ಕೆಳಗೆ ಮಲಗುವಾಗ ಜಾಕ್ ಒಂದನ್ನೇ ನಂಬಬೇಡಿ, ಹಾಲೋ ಬ್ಲಾಕ್ ಅಂತೂ ಇಡಲೇಬೇಡಿ, ಭಾರಕ್ಕೆ ಒಮ್ಮೆಲೇ ಪುಡಿಯಾಗುತ್ತೆ. ಕಬ್ಬಿಣದ ಸ್ಟ್ಯಾಂಡ್ ಬೇಕು. ಎಂಜಿನ್ ಎತ್ತೋಕೆ ಚೈನ್ ಬ್ಲಾಕ್ ಬಾಡಿಗೆಗೆ ತರಬಹುದು, ಆದ್ರೆ ಅದನ್ನ ಹೆಂಚಿನ ಮಾಡಿನ ಪಕಾಸಿಗೋ ಜಂತಿಗೋ ಕಟ್ಟಬೇಡಿ. ಅವು ಹೆಂಚು ಹೊರೋಕೆ ಇರೋದು. ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡ್ ಸಿಕ್ಕರೆ ಅದು. ಪೆಟ್ರೋಲ್ ಲೈನ್ ಬಿಚ್ಚೋ ದಿನ ಸೌದೆ ಒಲೆ, ಬಚ್ಚಲ ಉರಿ ಹತ್ತಿರದಲ್ಲಿ ಇರಬಾರದು. ಕೂಲಂಟ್ ಇಳಿಸಿದ ಬಕೆಟ್ ಹಾಗೇ ಬಿಡಬೇಡಿ. ಅದು ಸಿಹಿಯಾಗಿರುತ್ತೆ, ನಾಯಿ, ದನ ಕುಡಿದ್ರೆ ವಿಷ.

ಬಿಚ್ಚೋದು ಸುಲಭ, ನೆನಪಿಡೋದು ಕಷ್ಟ

ಬ್ಯಾಟರಿಯ ನೆಗೆಟಿವ್ ಮೊದಲು ತೆಗೀಬೇಕು. ಆಮೇಲೆ ಪ್ರತಿಯೊಂದು ಪೈಪ್, ವೈರ್ ಬಿಚ್ಚೋ ಮೊದಲು ಒಂದು ಫೋಟೋ. ಕಾರ್ಬೊರೇಟರ್ ಸುತ್ತ ಇರೋ ಸಣ್ಣ ವ್ಯಾಕ್ಯೂಮ್ ಪೈಪ್‌ಗಳಿಗೆ ಪೇಪರ್ ಟೇಪ್ ಸುತ್ತಿ ಎರಡೂ ತುದಿಗೆ ಒಂದೇ ನಂಬರ್ ಬರೀಬೇಕು. ಈ ಕೆಲಸಕ್ಕೆ ಮನೆಯ ಹೈಸ್ಕೂಲ್ ಮಕ್ಕಳಿಗಿಂತ ಸರಿಯಾದವರು ಇಲ್ಲ. ದೊಡ್ಡವರು ‘ನೆನಪಿರುತ್ತೆ ಬಿಡು’ ಅಂತಾರೆ, ಮಕ್ಕಳು ಬರೀತಾರೆ. ಬೋಲ್ಟ್‌ಗಳನ್ನ ಐಸ್‌ಕ್ರೀಂ ಡಬ್ಬಿ, ಹಳೇ ಸಾಂಬಾರ ಬಟ್ಟಲಿನಲ್ಲಿ ಬೇರೆ ಬೇರೆ ಹಾಕಿ. ರಟ್ಟಿನ ಮೇಲೆ ಹೆಡ್‌ನ ಚಿತ್ರ ಬರೆದು, ಬೋಲ್ಟ್ ಇದ್ದ ಜಾಗದಲ್ಲೇ ತೂತು ಮಾಡಿ ಚುಚ್ಚಿಟ್ಟರೆ ಇನ್ನೂ ಒಳ್ಳೇದು.

ಹೆಡ್ ಬೋಲ್ಟ್ ಸಡಿಲ ಮಾಡುವಾಗ ಹೊರಗಿನಿಂದ ನಡುವಿಗೆ, ಸ್ವಲ್ಪ ಸ್ವಲ್ಪವೇ. ಒಂದೇ ಕಡೆಯಿಂದ ಬಿಚ್ಚುತ್ತಾ ಹೋದ್ರೆ ಅಲ್ಯೂಮಿನಿಯಂ ಹೆಡ್ ಡೊಂಕಾಗುತ್ತೆ. ಎಂಜಿನ್ ಬಿಸಿ ಇರುವಾಗಲಂತೂ ಮುಟ್ಟಬೇಡಿ.

ಇಡೀ ಕೆಲಸದಲ್ಲಿ ತಪ್ಪಲೇಬಾರದ ವಿಷಯ ಬೇರಿಂಗ್ ಕ್ಯಾಪ್‌ಗಳದ್ದು. ಕನೆಕ್ಟಿಂಗ್ ರಾಡ್‌ನ ಮೂರು ಕ್ಯಾಪ್, ಕ್ರ್ಯಾಂಕ್‌ನ ನಾಲ್ಕು ಕ್ಯಾಪ್ ನೋಡೋಕೆ ಒಂದೇ ಥರ. ಆದ್ರೆ ಪ್ರತಿ ಕ್ಯಾಪನ್ನೂ ಅದರದೇ ಜಾಗದಲ್ಲಿ ಕೂರಿಸಿ ತೂತು ಕೊರೆದಿರ್ತಾರೆ. ಅದಲು ಬದಲು ಮಾಡಿದ್ರೆ, ತಿರುಗಿಸಿ ಹಾಕಿದ್ರೆ ಆ ತೂತು ದುಂಡಗಿರಲ್ಲ. ಕ್ರ್ಯಾಂಕ್ ಬಿಗಿಯಾಗುತ್ತೆ, ಇಲ್ಲಾ ಸ್ವಲ್ಪ ದಿನ ಓಡಿ ಬೇರಿಂಗ್ ಹಿಡ್ಕೊಳ್ಳುತ್ತೆ. ಬಿಚ್ಚೋ ಮೊದಲೇ ಯಾವ ಸಿಲಿಂಡರ್, ಯಾವ ಮುಖ ಅಂತ ಗುರುತು ಮಾಡಿ, ಪಿಸ್ಟನ್ ಹೊರಗೆ ಬಂದ ಕೂಡಲೇ ಕ್ಯಾಪನ್ನ ಅದರ ರಾಡ್‌ಗೇ ವಾಪಸ್ ಕೂರಿಸಿಡಿ.

ಲೇತ್‌ನವರ ಮುಂದೆ ಏನು ಕೇಳ್ಬೇಕು

ಸಿಲಿಂಡರ್ ಅಳೆಯೋದು, ಬೋರ್ ಮಾಡೋದು, ಕ್ರ್ಯಾಂಕ್ ಗ್ರೈಂಡಿಂಗ್, ಹೆಡ್ ಮುಖ ಸಮ ಮಾಡೋದು, ಇವು ಮನೆಯಲ್ಲಿ ಆಗೋದಿಲ್ಲ. ಶಿವಮೊಗ್ಗದಲ್ಲಾದ್ರೆ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಹೋಗಿ ವಿಚಾರಿಸೋದು ರೂಢಿ. ಅಲ್ಲಿಗೆ ಹೋಗೋ ಮೊದಲು ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಹೆಡ್ ಮುಖದ ಮೇಲೆ ನೇರವಾದ ಸ್ಟೀಲ್ ಪಟ್ಟಿ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ಕೆಳಗೆ 0.05 ಮಿ.ಮೀ. ಫಿಲ್ಲರ್ ಗೇಜ್ ತೂರಿಸಿ. ಸಲೀಸಾಗಿ ನುಗ್ಗಿದ್ರೆ ಹೆಡ್ ಡೊಂಕಾಗಿದೆ.

ಲೇತ್‌ನಲ್ಲಿ ಬೋರ್ ಗೇಜ್ ಹಾಕಿ ಸಿಲಿಂಡರ್‌ನ ಮೇಲೆ, ನಡುವೆ, ಕೆಳಗೆ, ಎರಡು ದಿಕ್ಕಿನಲ್ಲಿ ಅಳೆದು ಬರೆದುಕೊಡಿ ಅಂತ ಕೇಳಿ. ಸವೆತ ಮಿತಿಯೊಳಗಿದ್ರೆ ಹೋನಿಂಗ್ ಮಾಡಿಸಿ ಹೊಸ ರಿಂಗ್ ಹಾಕಿದ್ರೆ ಸಾಕಾಗುತ್ತೆ. ಮೀರಿದ್ರೆ ಬೋರ್ ಮಾಡಿಸಿ 0.25 ಅಥವಾ 0.50 ಮಿ.ಮೀ. ದೊಡ್ಡ ಪಿಸ್ಟನ್. ಮೆಕ್ಯಾನಿಕ್‌ಗಳು ಇದನ್ನೇ ‘ಹತ್ತು ಥೌ, ಇಪ್ಪತ್ತು ಥೌ’ ಅಂತಾರೆ. ಪಿಸ್ಟನ್ ಮೊದಲು ಕೊಂಡು, ಅದನ್ನೇ ಲೇತ್‌ಗೆ ಕೊಟ್ಟು, ಅದರ ಅಳತೆಗೆ ಬೋರ್ ಮಾಡಿಸ್ಬೇಕು. ಬೋರ್ ಮಾಡಿಸಿ ಆಮೇಲೆ ಪಿಸ್ಟನ್ ಹುಡುಕೋದು ಉಲ್ಟಾ ಕೆಲಸ.

ಬ್ಲಾಕ್ ಹೋಗಿದೆ, ಬೇರೆ ಹಳೇ ಬ್ಲಾಕ್ ಹಾಕ್ಕೊಳ್ಳಿ ಅಂತ ಯಾರಾದ್ರೂ ಹೇಳಿದ್ರೆ ಯೋಚಿಸಿ. ಎಂಜಿನ್ ನಂಬರ್ ಇರೋದು ಬ್ಲಾಕ್ ಮೇಲೆ. ಅದು ಬದಲಾದ್ರೆ ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ತಿದ್ದಿಸ್ಬೇಕು. ಆ ಹಳೇ ಬ್ಲಾಕ್ ಯಾವ ಗಾಡಿಯದ್ದು ಅನ್ನೋದಕ್ಕೆ ಕಾಗದ ಇಲ್ಲದಿದ್ರೆ ಮುಂದೆ ಪೊಲೀಸ್ ಕೇಸ್‌ವರೆಗೂ ಹೋಗಬಹುದು.

ಲೇತ್‌ನಿಂದ ಬಂದ ಬ್ಲಾಕನ್ನ ಪೆಟ್ರೋಲ್ ಹಾಕಿ ಒರೆಸಿ ಜೋಡಿಸೋವ್ರು ಇದ್ದಾರೆ. ಅದು ತಪ್ಪು. ಹೋನಿಂಗ್ ಕಲ್ಲಿನ ಪುಡಿ ಸಿಲಿಂಡರ್‌ನ ಸಣ್ಣ ಗೀರುಗಳಲ್ಲಿ ಕೂತಿರುತ್ತೆ, ಪೆಟ್ರೋಲ್‌ಗೆ ಅದು ಬರಲ್ಲ. ಬಿಸಿ ನೀರು, ಬಟ್ಟೆ ಸೋಪಿನ ಪುಡಿ, ಬ್ರಷ್ ಹಾಕಿ ಪಾತ್ರೆ ಉಜ್ಜಿದ ಹಾಗೆ ಉಜ್ಜಬೇಕು. ಆಮೇಲೆ ಹಳೇ ಬಿಳಿ ಪಂಚೆ ತುಂಡಿಗೆ ಎಂಜಿನ್ ಆಯಿಲ್ ಹಚ್ಚಿ ಒರೆಸಿ ನೋಡಿ. ಬಟ್ಟೆ ಬೂದು ಬಣ್ಣಕ್ಕೆ ತಿರುಗಿದ್ರೆ ಮತ್ತೆ ತೊಳೀಬೇಕು, ಬೆಳ್ಳಗೇ ಬರೋವರೆಗೆ. ತೊಳೆದ ಕೂಡಲೇ ಒಣಗಿಸಿ ಆಯಿಲ್ ಹಚ್ಚಿ. ಮಲೆನಾಡಿನ ಥಂಡಿಗೆ ಬೀಡು ಕಬ್ಬಿಣದ ಮೇಲೆ ತುಕ್ಕು ಬರೋಕೆ ಒಂದು ರಾತ್ರಿ ಸಾಕು.

ವಾಲ್ವ್ ಅರೆಯೋದು ಮನೆಮಂದಿ ಕೆಲಸ

ವಾಲ್ವ್ ಸೀಟ್ ತೀರಾ ಹಾಳಾಗಿಲ್ಲದಿದ್ರೆ ಆರು ವಾಲ್ವ್ ಮನೆಯಲ್ಲೇ ಅರೆಯಬಹುದು. ವಾಲ್ವ್ ಅಂಚಿಗೆ ಗ್ರೈಂಡಿಂಗ್ ಪೇಸ್ಟ್ ಸ್ವಲ್ಪ ಹಚ್ಚಿ, ರಬ್ಬರ್ ಬಟ್ಟಲಿನ ಕೋಲನ್ನ ಅದಕ್ಕೆ ಅಂಟಿಸಿ, ಎರಡು ಅಂಗೈ ನಡುವೆ ತಿರುಗಿಸೋದು. ಕಡಗೋಲು ಉಜ್ಜಿದ ಹಾಗೇ. ನಡುನಡುವೆ ಎತ್ತಿ, ಸ್ವಲ್ಪ ತಿರುಗಿಸಿ, ಮತ್ತೆ ಕೂರಿಸ್ಬೇಕು. ಅಂಚಿನ ಸುತ್ತ ಎಲ್ಲೂ ಕಡಿಯದ, ಒಂದೇ ಅಗಲದ ಬೂದು ಬಳೆ ಕಾಣಿಸಿದ್ರೆ ಸಾಕು. ಪೇಸ್ಟ್ ಒಂದು ಚುಕ್ಕಿಯೂ ಉಳಿಯದ ಹಾಗೆ ತೊಳೆದು, ಸ್ಪ್ರಿಂಗ್ ಹಾಕಿ, ಪೋರ್ಟ್ ಒಳಗೆ ಸೀಮೆಎಣ್ಣೆಯೋ ಡೀಸೆಲ್ಲೋ ಸುರಿದು ಬಿಡಿ. ಕೆಳಗೆ ವಾಲ್ವ್ ಸುತ್ತ ಒದ್ದೆಯಾಗದಿದ್ರೆ ಕೆಲಸ ಆಯ್ತು. ವಾಲ್ವ್ ಸೀಲ್ ಹೊಸದೇ ಹಾಕಿ.

ವಾಪಸ್ ಜೋಡಿಸುವಾಗ

ಪ್ರತಿ ರಿಂಗನ್ನೂ ಪಿಸ್ಟನ್‌ಗೆ ಹಾಕೋ ಮೊದಲು ಸಿಲಿಂಡರ್ ಒಳಗೆ ಇಟ್ಟು, ಪಿಸ್ಟನ್ ತಲೆಯಿಂದ ನೇರವಾಗಿ ತಳ್ಳಿ, ತುದಿಗಳ ನಡುವಿನ ಸಂದನ್ನ ಫಿಲ್ಲರ್ ಗೇಜ್‌ನಲ್ಲಿ ಅಳೀಬೇಕು. ಸಂದು ಇಲ್ಲದಿದ್ರೆ ಬಿಸಿಯಾದಾಗ ರಿಂಗ್ ಹಿಗ್ಗಿ ತುದಿಗಳು ಒಂದಕ್ಕೊಂದು ಒತ್ತಿ ಮುರಿಯುತ್ತೆ. ಪಿಸ್ಟನ್‌ನಲ್ಲಿ ರಿಂಗ್ ಬಾಯಿಗಳು ಒಂದರ ಕೆಳಗೊಂದು ಬರಬಾರದು. ಪಿಸ್ಟನ್ ತಲೆ ಮೇಲಿನ ಬಾಣ ಪುಲ್ಲಿ ಕಡೆಗಿರಲಿ.

ಬೋಲ್ಟ್ ಬಿಗಿಯೋದು ಟಾರ್ಕ್ ರೆಂಚ್‌ನಲ್ಲೇ. ಹೆಡ್ ಆದ್ರೆ ನಡುವಿನಿಂದ ಹೊರಕ್ಕೆ, ಎರಡು ಮೂರು ಹಂತದಲ್ಲಿ. ಹಳೇ ಮಾನ್ಯುಯಲ್‌ಗಳಲ್ಲಿ ಅಳತೆ ಕೆ.ಜಿ.-ಮೀಟರ್‌ನಲ್ಲಿರುತ್ತೆ, ಅಂಗಡಿಯಲ್ಲಿ ಸಿಗೋ ರೆಂಚ್ ಮೇಲೆ ನ್ಯೂಟನ್ ಮೀಟರ್ ಅಥವಾ ಫುಟ್-ಪೌಂಡ್ ಇರುತ್ತೆ. ಒಂದು ಕೆ.ಜಿ.-ಮೀಟರ್ ಅಂದ್ರೆ 9.8 ನ್ಯೂಟನ್ ಮೀಟರ್, 7.2 ಫುಟ್-ಪೌಂಡ್. ಈ ಲೆಕ್ಕ ತಪ್ಪಿ ಅಲ್ಯೂಮಿನಿಯಂ ಥ್ರೆಡ್ ಕಿತ್ತುಕೊಂಡ್ರೆ ಮತ್ತೆ ಲೇತ್‌ಗೇ ಓಡ್ಬೇಕು. ಒಬ್ಬರು ನಂಬರ್ ಕೂಗಲಿ, ಒಬ್ಬರು ಬಿಗೀಲಿ, ಬಿಗಿದ ಬೋಲ್ಟ್ ಮೇಲೆ ಮೂರನೆಯವರು ಪೇಂಟ್ ಚುಕ್ಕಿ ಇಡಲಿ. ಪ್ರತಿ ಕ್ಯಾಪ್ ಬಿಗಿದ ಮೇಲೆ ಕ್ರ್ಯಾಂಕ್ ಕೈಯಲ್ಲಿ ತಿರುಗಿಸಿ ನೋಡಿ. ಯಾವ ಕ್ಯಾಪ್ ಆದ ಮೇಲೆ ಬಿಗಿಯಾಯ್ತು ಅಂತ ಅಲ್ಲೇ ಗೊತ್ತಾಗುತ್ತೆ.

ಟೈಮಿಂಗ್ ಬೆಲ್ಟ್, ಟೆನ್ಷನರ್ ಹಳೇದನ್ನ ಮತ್ತೆ ಹಾಕಬೇಡಿ. ಗುರುತು ಕೂಡಿಸಿ ಬೆಲ್ಟ್ ಹಾಕಿದ ಮೇಲೆ ಎಂಜಿನ್ ತಿರುಗೋ ದಿಕ್ಕಿನಲ್ಲೇ ಪಾನದಿಂದ ಎರಡು ಪೂರ್ತಿ ಸುತ್ತು ತಿರುಗಿಸಿ, ಗುರುತು ಮತ್ತೆ ಕೂಡುತ್ತಾ ನೋಡಿ. ಮಧ್ಯೆ ಎಲ್ಲಾದ್ರೂ ತಡೆದ್ರೆ ಒತ್ತಾಯ ಮಾಡಬೇಡಿ, ಸೆಲ್ಫ್ ಅಂತೂ ಹೊಡೀಬೇಡಿ.

ಪೆಟ್ರೋಲ್ ಪೈಪ್‌ಗಳನ್ನೂ ಈಗಲೇ ಬದಲಾಯಿಸಿ. ಬಂಕ್‌ಗಳಲ್ಲಿ ಈಗ ಸಿಗೋದು 20 ಪರ್ಸೆಂಟ್ ಎಥನಾಲ್ ಬೆರೆಸಿದ ಇ20. ಹಳೇ ರಬ್ಬರ್ ಪೈಪ್, ಪೆಟ್ರೋಲ್ ಪಂಪ್ ಡಯಾಫ್ರಂ ಇದಕ್ಕೆ ಅಂತ ಮಾಡಿದ್ದಲ್ಲ. ಬಿಸಿ ಎಂಜಿನ್ ಪಕ್ಕ ಪೈಪ್ ಜಿನುಗಿದ್ರೆ ಏನಾಗುತ್ತೆ ಅಂತ ಹೇಳಬೇಕಾಗಿಲ್ಲ. ಎಥನಾಲ್‌ಗೆ ಹೊಂದೋ ಪೈಪ್ ಅಂತಲೇ ಕೇಳಿ ತಗೊಳ್ಳಿ.

ಟ್ಯೂನಿಂಗ್ ಅಂದ್ರೆ ಸೈಲೆನ್ಸರ್ ಸದ್ದಲ್ಲ

ಮೊದಲ ಸ್ಟಾರ್ಟ್‌ಗೆ ಮುಂಚೆ ಪ್ಲಗ್ ಬಿಚ್ಚಿಟ್ಟು, ಆಯಿಲ್ ಲೈಟ್ ಆರೋವರೆಗೆ ಸ್ವಲ್ಪ ಸ್ವಲ್ಪ ಸೆಲ್ಫ್ ಹೊಡೆಯಿರಿ. ಬೇರಿಂಗ್‌ಗಳಿಗೆ ಆಯಿಲ್ ತಲುಪಲಿ. ಸ್ಟಾರ್ಟ್ ಆದ ಖುಷಿಗೆ ಗಂಟೆಗಟ್ಟಲೆ ಐಡಲ್‌ನಲ್ಲಿ ಬಿಡಬೇಡಿ. ಹೊಸ ರಿಂಗ್ ಸಿಲಿಂಡರ್‌ಗೆ ಹೊಂದಿಕೊಳ್ಳೋದು ಹದವಾದ ಭಾರ ಬಿದ್ದಾಗ. ಸೋರಿಕೆ ಇಲ್ಲ, ಬಿಸಿ ಮೀರ್ತಿಲ್ಲ ಅಂತ ಖಾತ್ರಿಯಾದ ಮೇಲೆ ಸಮತಟ್ಟು ರಸ್ತೆಯಲ್ಲಿ ವೇಗ ಏರಿಸಿ ಇಳಿಸಿ ಓಡಿಸಿ. ಮೊದಲ ಆಯಿಲ್ 500 ಕಿ.ಮೀ. ಹೊತ್ತಿಗೇ ಬದಲಾಯಿಸಿ. ತೆಗೆದ ಆಯಿಲನ್ನ ಚರಂಡಿಗೆ ಸುರಿಯಬೇಡಿ, ನಮ್ಮ ಚರಂಡಿ ಕೊನೆಗೆ ತುಂಗೆಗೋ ಭದ್ರೆಗೋ ಸೇರೋದು. ಗ್ಯಾರೇಜ್‌ನಲ್ಲಿ ಹಳೇ ಆಯಿಲ್ ಡ್ರಂ ಇರುತ್ತೆ, ಅಲ್ಲಿಗೆ ಕೊಡಿ.

ಟ್ಯೂನಿಂಗ್‌ಗೆ ಒಂದು ಕ್ರಮ ಇದೆ. ಮೊದಲು ಟ್ಯಾಪೆಟ್, ಆಮೇಲೆ ಪ್ಲಗ್ ಮತ್ತು ಪಾಯಿಂಟ್ ಗ್ಯಾಪ್, ಆಮೇಲೆ ಇಗ್ನಿಷನ್ ಟೈಮಿಂಗ್, ಕೊನೆಗೆ ಕಾರ್ಬೊರೇಟರ್. ಕಾರ್ಬೊರೇಟರ್ ಸ್ಕ್ರೂ ಕೈಗೆ ಸುಲಭವಾಗಿ ಸಿಗುತ್ತೆ ಅಂತ ಎಲ್ಲರೂ ಮೊದಲು ಅದನ್ನೇ ತಿರುಗಿಸ್ತಾರೆ, ಕೆಡೋದು ಅಲ್ಲಿಂದಲೇ. ಟ್ಯಾಪೆಟ್ ‘ಟಿಕ್ ಟಿಕ್’ ಅಂದ್ರೆ ಜನ ಹೆದರ್ತಾರೆ. ನಿಜಕ್ಕೂ ಹೆದರಬೇಕಾಗಿದ್ದು ಸದ್ದೇ ಮಾಡದ ಬಿಗಿ ಟ್ಯಾಪೆಟ್‌ಗೆ. ವಾಲ್ವ್ ಪೂರ್ತಿ ಮುಚ್ಚದೆ ಅಂಚು ಸುಟ್ಟುಹೋಗುತ್ತೆ. ತಣ್ಣಗಿದ್ದಾಗಿನ ಅಳತೆ ಬೇರೆ, ಬಿಸಿ ಇದ್ದಾಗಿನದ್ದು ಬೇರೆ, ಮಾನ್ಯುಯಲ್ ನೋಡಿಯೇ ಇಡಿ. ಹಳೇ ಗಾಡಿಯ ಡೆಲ್ಕೊದಲ್ಲಿ ಪಾಯಿಂಟ್ ಇದ್ರೆ ಗ್ಯಾಪ್ 0.4ರಿಂದ 0.5 ಮಿ.ಮೀ. ಪ್ಲಗ್ ವೈರ್ ಕ್ರಮ 1-3-2. ತಪ್ಪಿದ್ರೆ ಕಾರ್ಬೊರೇಟರ್‌ನಿಂದಲೇ ಪಟಾಕಿ ಹೊಡೆಯುತ್ತೆ.

ಕಾರ್ಬೊರೇಟರ್ ಮಿಕ್ಸ್ಚರ್ ಸರಿ ಇದೆಯಾ ಅಂತ ನೋಡೋಕೆ ದೊಡ್ಡ ಯಂತ್ರ ಬೇಡ, ಬಂಕ್ ಪಕ್ಕದ ಎಮಿಷನ್ ಟೆಸ್ಟ್ ಸೆಂಟರ್ ಸಾಕು. ಆ ಚೀಟಿಯನ್ನ ಪೊಲೀಸರಿಗೆ ತೋರಿಸೋಕೆ ಮಾತ್ರ ಇಟ್ಕೊಳ್ತೀವಿ, ಅದರಲ್ಲಿರೋ ಅಂಕಿ ಓದಲ್ಲ. ಬಿಎಸ್-2 ಬರೋ ಮೊದಲಿನ ಪೆಟ್ರೋಲ್ ಕಾರಿಗೆ ಕಾರ್ಬನ್ ಮೊನಾಕ್ಸೈಡ್ 3 ಪರ್ಸೆಂಟ್, ಹೈಡ್ರೋಕಾರ್ಬನ್ 1500 ಪಿಪಿಎಂ ಮಿತಿ. ಮೊನಾಕ್ಸೈಡ್ ಜಾಸ್ತಿ ಬಂದ್ರೆ ಪೆಟ್ರೋಲ್ ಹೆಚ್ಚಾಗಿದೆ ಅಂತ. ಮೊನಾಕ್ಸೈಡ್ ಸರಿ ಇದ್ದು ಹೈಡ್ರೋಕಾರ್ಬನ್ ಮಾತ್ರ ಏರಿದ್ರೆ ಎಲ್ಲೋ ಮಿಸ್ಸಿಂಗ್ ಇದೆ, ಸುಡದ ಪೆಟ್ರೋಲ್ ಹೊರಗೆ ಹೋಗ್ತಿದೆ. ಪ್ಲಗ್, ವೈರ್, ವಾಲ್ವ್ ಕಡೆ ನೋಡಿ.

ಪಿಕಪ್ ಜಾಸ್ತಿ ಬರಲಿ ಅಂತ ಸೈಲೆನ್ಸರ್ ಕೊರೆಸೋದು, ಏರ್ ಫಿಲ್ಟರ್ ಕಿತ್ತುಹಾಕೋದು ಬೇಡ. ಫಿಲ್ಟರ್ ಇಲ್ಲದ ಎಂಜಿನ್ ನಮ್ಮ ಕೆಂಪು ಧೂಳಿನಲ್ಲಿ ಓಡಿದ್ರೆ ಹೊಸ ರಿಂಗ್ ಬೇಗ ಸವೆಯುತ್ತೆ. ಕಂಪನಿ ಕೊಟ್ಟ ರೂಪ ಬದಲಾಯಿಸೋದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡಿ ನಿರ್ಬಂಧಕ್ಕೆ ಒಳಪಡುತ್ತೆ, ನವೀಕರಣದ ಪರಿಶೀಲನೆಯಲ್ಲೂ ಸಿಕ್ಕಿಬೀಳುತ್ತೆ.

ಸಾವಿರ ಕಿ.ಮೀ. ಓಡಿದ ಮೇಲೆ ಟ್ಯಾಪೆಟ್ ಇನ್ನೊಮ್ಮೆ ನೋಡಿ, ಕಂಪ್ರೆಷನ್ ಗೇಜ್ ಮತ್ತೆ ಹಾಕಿ. ಬಿಚ್ಚೋ ಮೊದಲು ಬರೆದಿಟ್ಟ ಅದೇ ನೋಟ್‌ಬುಕ್‌ನಲ್ಲಿ, ಹಳೇ ಮೂರು ಅಂಕಿಗಳ ಪಕ್ಕದಲ್ಲೇ ಹೊಸ ಮೂರು ಬರೆದು, ತಾರೀಖು ಮತ್ತು ಕಿಲೋಮೀಟರ್ ಹಾಕಿ ಗಾಡಿಯ ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಇಡಿ.